ಬೆಟ್ಟದ ಓಟಕ್ಕೆ ದೇಹವನ್ನು ಅಣಿಗೊಳಿಸುವುದು

ದೂರದ ಬೆಟ್ಟ ನುಣ್ಣಗೆ ಎಂಬುದು ನಮ್ಮ ಹಿರಿಯರ ಮಾತು. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ಸೀಮೆಯಲ್ಲಿ ಈ ಮಾತಿನ ಅರ್ಥವನ್ನು ಕಾಲುಗಳಿಂದಲೇ ಕಲಿತವರು ಅನೇಕರಿರುವರು. ಅಲ್ಲಿಯ ಜನ ಬೆಟ್ಟವನ್ನು ‘ಫೆಲ್’ ಎಂದು ಕರೆಯುವರು. ಅವುಗಳಲ್ಲಿ ಎಲ್ಲಕ್ಕಿಂತ ಉನ್ನತವಾದ ಸ್ಕಾಫೆಲ್ ಪೈಕ್ ಕೇವಲ 978 ಮೀಟರು. ಇದೇನು ಮಹಾ ಎಂದು ವಾಚಕರಿಗೆ ತೋರಬಹುದು. ಆದರೆ ಜವುಗು ನೆಲ, ಸಡಿಲವಾದ ಕಲ್ಲು, ಕ್ಷಣಮಾತ್ರದಲ್ಲಿ ಕವಿಯುವ ಮಂಜು, ಮೈ ಕೊರೆಯುವ ಮಳೆಗಾಳಿ ಇವುಗಳ ನಡುವೆ ಒಂದಾದ ಮೇಲೊಂದು ಶಿಖರವನ್ನು ಏರಿ ಇಳಿದು ಓಡುವುದೆಂದರೆ ಸಾಮಾನ್ಯವಲ್ಲ. ಇಂತಹ ದೂರದ ಓಟಕ್ಕೆ ದೇಹವನ್ನು ಹೇಗೆ ಅಣಿಗೊಳಿಸತಕ್ಕದ್ದು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಇದು ತರುಣರಿಗೆ ಮಾತ್ರ ಮೀಸಲಾದ ಹುಚ್ಚೆಂದು ಯಾರೂ ತಿಳಿಯಬಾರದು. ಕೆಸ್ವಿಕ್ ಪಟ್ಟಣದ ಬಾಬ್ ಗ್ರಹಾಂ ಅತಿಥಿಗೃಹ ನಡೆಸಿ ಜೀವಿಸುತ್ತಿದ್ದವರು. ನಲವತ್ತು ವರ್ಷ ದಾಟಿದ ಮೇಲೆ, 1932ರ ಜೂನ್ ತಿಂಗಳಲ್ಲಿ, ಅವರು 42 ಶಿಖರಗಳನ್ನು 23 ಗಂಟೆ 39 ನಿಮಿಷಗಳಲ್ಲಿ ಸುತ್ತಿ ಊರಿಗೆ ಮರಳಿದರು. ಆ ದಾರಿ ಸುಮಾರು 66 ಮೈಲಿ. ಏರಿದ ಎತ್ತರವನ್ನೆಲ್ಲ ಕೂಡಿಸಿದರೆ ಸುಮಾರು 27,000 ಅಡಿ, ಎಂದರೆ ಎವರೆಸ್ಟಿನ ಎತ್ತರಕ್ಕೆ ತುಸುವೇ ಕಡಮೆ. ಅವರು ತೊಟ್ಟದ್ದು ಟೆನ್ನಿಸ್ ಆಡುವ ಸಾಧಾರಣ ಪಾದರಕ್ಷೆ. ಮೊದಲೇ ದಾರಿಯನ್ನು ನೋಡಿಕೊಳ್ಳಲು ಹೋಗುವಾಗ ಅವು ಸವೆದಾವೆಂದು ಬರಿಗಾಲಿನಲ್ಲಿಯೇ ನಡೆಯುತ್ತಿದ್ದರೆಂದು ಹೇಳುವರು. ಅವರ ಬಳಿಕ ಆ ಸುತ್ತನ್ನು ಒಂದು ದಿನದೊಳಗೆ ಇನ್ನೊಬ್ಬರು ಪೂರೈಸಲು 28 ವರ್ಷಗಳು ಬೇಕಾದವು.

ಜಾಸ್ ನೇಲರ್ ಅವರ ಚರಿತ್ರೆ ಇದಕ್ಕಿಂತ ವಿಚಿತ್ರವಾದುದು. ವಾಸ್‌ಡೇಲ್ ಕಣಿವೆಯಲ್ಲಿ ಕುರಿ ಸಾಕುತ್ತಿದ್ದ ಈ ರೈತನಿಗೆ ಬಾಲ್ಯದಿಂದಲೇ ಬೆನ್ನಿನ ಬೇನೆ. ತಾರುಣ್ಯದಲ್ಲಿ ಮೊಣಕಾಲಿಗೂ ಬೆನ್ನಿಗೂ ಶಸ್ತ್ರಚಿಕಿತ್ಸೆಯಾಯಿತು. ಅಂತಹವರು 1960ರಲ್ಲಿ ಹೊಲದ ಕೆಲಸದ ಬೂಟುಗಳನ್ನೇ ಮೆಟ್ಟಿ ಮೊದಲ ಪಂದ್ಯಕ್ಕೆ ನಿಂತರು. 1975ರಲ್ಲಿ ಒಂದೇ ದಿನದೊಳಗೆ 72 ಶಿಖರಗಳನ್ನು ಮುಟ್ಟಿದರು. ಎಪ್ಪತ್ತನೆಯ ವಯಸ್ಸಿನಲ್ಲಿ 70 ಶಿಖರಗಳನ್ನು 21 ಗಂಟೆಗಳೊಳಗೆ ಓಡಿದರು. 2024ರಲ್ಲಿ, 88ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರಿಗೆ ವ್ಯಾಯಾಮಶಾಲೆ ಯಾವುದು? ಕುರಿಯ ಹಿಂದೆ ದಿನವೂ ಬೆಟ್ಟ ಹತ್ತಿದ್ದೇ ಅವರ ಸಾಧನೆಯ ಮೂಲ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ, ಈ ವಿದ್ಯೆ ಒಂದು ತಿಂಗಳ ಹುರುಪಿನಿಂದ ಬರುವುದಲ್ಲ. ಬಹುಕಾಲದ ರೂಢಿಯಿಂದ ಬರುವುದು.

ಹಾಗಾದರೆ ಕುರಿಗಳಿಲ್ಲದ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ಮೈಲಿಗಳನ್ನು ಎಣಿಸುವುದನ್ನು ಬಿಡಬೇಕು. ಕಾಲಿನ ಮೇಲೆ ಎಷ್ಟು ಹೊತ್ತು ಇದ್ದೆವು, ಎಷ್ಟು ಎತ್ತರ ಏರಿ ಇಳಿದೆವು ಎಂಬುದೇ ಇಲ್ಲಿಯ ಲೆಕ್ಕ. ವಾರದಲ್ಲಿ ಮೂರು ನಾಲ್ಕು ದಿನ, ಜೊತೆಯವರೊಡನೆ ಮಾತನಾಡುತ್ತ ಹೋಗಬಹುದಾದಷ್ಟು ನಿಧಾನವಾಗಿ ಓಡಬೇಕು. ಒಂದು ದಿನ ಒಂದೇ ದಿಣ್ಣೆಯನ್ನು ಹಲವು ಬಾರಿ ಹತ್ತಿ ಇಳಿಯಬೇಕು. ಇನ್ನೊಂದು ದಿನ ದೀರ್ಘ ಸಂಚಾರ. ಇದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಮೂರು ವಾರಗಳಿಗೊಮ್ಮೆ ಒಂದು ವಾರ ಹಗುರ ಮಾಡಿಕೊಳ್ಳುವುದು ಒಳ್ಳೆಯದು. ಕಡಿದಾದ ಏರಿನಲ್ಲಿ ಓಡುವೆನೆಂಬ ಹಟ ಬೇಡ. ನುರಿತವರೂ ಅಲ್ಲಿ ಕೈಗಳನ್ನು ತೊಡೆಯ ಮೇಲೆ ಊರಿ ನಡೆದೇ ಹೋಗುವರು. ಅದರಲ್ಲಿ ಅವಮಾನವೇನೂ ಇಲ್ಲ.

ಹೊಸಬರು ಏರುವುದಕ್ಕೆ ಅಂಜುವರು. ನಿಜವಾಗಿ ಕಾಲು ಮುರಿದುಕೊಂಡಂತಾಗುವುದು ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ದೇಹದ ಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾಗುವುದು. ಈ ವಿರೋಧದಿಂದ ಅವುಗಳ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುವುದು. ಆದುದರಿಂದಲೇ ನೋವು ಆ ದಿನಕ್ಕಿಂತ ಮರುದಿನ, ಅದರ ಮರುದಿನ ಹೆಚ್ಚು. ಆದರೆ ಪ್ರಕೃತಿಯ ಕೃಪೆ ನೋಡಿರಿ: ಪೆಟ್ಟು ವಾಸಿಯಾದ ಸ್ನಾಯು ಅಂತಹುದೇ ಇಳಿಜಾರನ್ನು ಮುಂದೆ ಕೆಲವು ವಾರಗಳವರೆಗೆ ಬಹು ಸುಲಭವಾಗಿ ತಾಳಿಕೊಳ್ಳುವುದು. ಆದ್ದರಿಂದ ಇಳಿಯುವುದನ್ನು ಅಲ್ಪವಾಗಿ ಆರಂಭಿಸಿ, ಕ್ರಮವಾಗಿ ಅಭ್ಯಾಸ ಮಾಡಬೇಕು. ಪಂದ್ಯಕ್ಕೆ ಮೊದಲಿನ ಒಂದೆರಡು ವಾರಗಳಲ್ಲಿ ಮಾತ್ರ ಕಾಲುಗಳಿಗೆ ವಿಶ್ರಾಂತಿ ಕೊಡಬೇಕು.

ಆಹಾರಕ್ಕೂ ಅಭ್ಯಾಸ ಬೇಕು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಗ್ಲೈಕೊಜೆನ್ ಎಂಬ ಪಿಷ್ಟ ಸುಮಾರು ಅರ್ಧ ಕಿಲೋಗ್ರಾಮಿನಷ್ಟು ಮಾತ್ರ. ದಿನವಿಡೀ ಓಡುವವನಿಗೆ ಅದು ಸಾಲದು. ಗಂಟೆಗೆ 30ರಿಂದ 60 ಗ್ರಾಮಿನಷ್ಟು ಸಕ್ಕರೆ ಅಥವಾ ಪಿಷ್ಟವನ್ನು ಮೊದಲಿನಿಂದಲೇ ತಿನ್ನುತ್ತ ಹೋಗಬೇಕು. ಹಸಿವು ಹೇಳಿ ಕಳುಹಿಸುವವರೆಗೆ ಕಾಯಬಾರದು. ಮನೆಯಲ್ಲಿ ಒಗ್ಗಿದ ತಿಂಡಿಯೂ ಓಟದ ನಡುವೆ ಹೊಟ್ಟೆಗೆ ಒಗ್ಗದಿರಬಹುದು. ದೀರ್ಘ ಸಂಚಾರದ ದಿನಗಳಲ್ಲಿಯೇ ಅದನ್ನು ಪರೀಕ್ಷಿಸಿಕೊಳ್ಳಬೇಕು. ನೀರನ್ನು ಬಾಯಾರಿದಷ್ಟು ಕುಡಿದರೆ ಸಾಕು. ಮಿತಿಮೀರಿ ಕುಡಿದರೆ ರಕ್ತದಲ್ಲಿಯ ಉಪ್ಪಿನ ಅಂಶ ಇಳಿದು ಪ್ರಾಣಕ್ಕೇ ಸಂಚಕಾರ ಬಂದೀತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. 1978ರಲ್ಲಿ ಯಾರ್ಕ್‌ಷೈರಿನ ತ್ರೀ ಪೀಕ್ಸ್ ಎಂಬ ಬೆಟ್ಟದ ಓಟದಲ್ಲಿ ಒಬ್ಬ ಓಟಗಾರನು ಚಳಿಗೆ ಸಿಕ್ಕಿ ಪ್ರಾಣ ಬಿಟ್ಟನು. ಓಡುವವರೆಗೆ ದೇಹ ಬಿಸಿಯಾಗಿರುವುದು; ದಣಿದು ವೇಗ ತಗ್ಗಿದೊಡನೆ ತೊಯ್ದ ಬಟ್ಟೆಯೂ ಗಾಳಿಯೂ ಆ ಬಿಸಿಯನ್ನು ಕಸಿದುಕೊಳ್ಳುವುವು. ಮೊದಲು ನಡುಕ, ಆಮೇಲೆ ತೊದಲುವ ಮಾತು, ಎಡವುವ ಹೆಜ್ಜೆ, ಕೊನೆಗೆ ಬುದ್ಧಿಗೇ ಮಂಕು. ಬುದ್ಧಿಗೆ ಮಂಕು ಕವಿದ ಮೇಲೆ ತಾನು ಅಪಾಯದಲ್ಲಿರುವೆನೆಂಬುದೇ ತಿಳಿಯದು. ಇದಕ್ಕಾಗಿಯೇ ಅಂತಹ ಪಂದ್ಯಗಳಲ್ಲಿ ಮಳೆಯ ಅಂಗಿ, ನಕ್ಷೆ, ದಿಕ್ಸೂಚಿ, ಊದುವ ಸೀಟಿ, ಆಪತ್ಕಾಲದ ಆಹಾರ ಇವುಗಳನ್ನು ಹೊತ್ತೇ ಓಡಬೇಕೆಂದು ವಿಧಿಸುವರು. ನಕ್ಷೆಯನ್ನು ಹೊತ್ತರೆ ಸಾಲದು, ಮಂಜಿನಲ್ಲಿ ಅದನ್ನು ಓದಲು ಬರಬೇಕು. ನಡುವೆ ಓಟವನ್ನು ಬಿಟ್ಟವನು ತಪ್ಪದೆ ವ್ಯವಸ್ಥಾಪಕರಿಗೆ ತಿಳಿಸಬೇಕು. ತಿಳಿಸದೆ ಮನೆಗೆ ಹೋಗಿ ಬೆಚ್ಚಗೆ ಮಲಗಿದವನನ್ನು ಹುಡುಕುತ್ತ, ಸಂಬಳವಿಲ್ಲದೆ ಸೇವೆ ಮಾಡುವ ಬೆಟ್ಟದ ರಕ್ಷಣಾದಳದವರು ರಾತ್ರಿಯೆಲ್ಲ ತಮ್ಮ ಪ್ರಾಣವನ್ನು ಪಣವಾಗಿಡುವರು.

ಹಿಂತಿರುಗುವುದನ್ನೂ ಅಭ್ಯಾಸದಲ್ಲಿ ಸೇರಿಸಿಕೊಳ್ಳಬೇಕೆಂದು ನಾವು ಹೇಳುವೆವು. ಹವೆ ಕೆಟ್ಟ ದಿನ, ಶಿಖರ ಕಣ್ಣಿಗೆ ಕಾಣುತ್ತಿರುವಾಗಲೇ, ಸಾಕೆಂದು ಮರಳುವುದನ್ನು ಒಂದೆರಡು ಬಾರಿಯಾದರೂ ಮಾಡಿ ನೋಡಬೇಕು. ಮೊದಲ ಸಲ ಮನಸ್ಸು ಬಹಳ ಹಳಿಯುವುದು. ಆದರೆ ಆ ಹಳಿವನ್ನು ತಾಳಿಕೊಳ್ಳಲು ಕಲಿಯದವನಿಗೆ ಕಾಲಿನ ಬಲವೇ ಶತ್ರುವಾದೀತು. ಬೆಟ್ಟ ಎಲ್ಲಿಯೂ ಹೋಗುವುದಿಲ್ಲ. ಮುಂದಿನ ವರ್ಷವೂ ಅಲ್ಲಿಯೇ ಇರುವುದು.

ಮನೆಯವರ ಮಾತನ್ನು ಮರೆಯುವಂತಿಲ್ಲ. ರಜಾದಿನಗಳಲ್ಲೆಲ್ಲ ಒಬ್ಬರು ಬೆಟ್ಟಕ್ಕೆ ಹೋದರೆ ಮನೆಯ ಭಾರವನ್ನು ಇನ್ನೊಬ್ಬರು ಹೊರುವರೆಂಬುದು ಸತ್ಯ. ಈ ಭಾರ ಯಾವಾಗಲೂ ಹೆಂಗಸಿನ ಪಾಲಿಗೇ ಬರಬೇಕೆಂದಿಲ್ಲ. 1977ರಲ್ಲಿ ಜೀನ್ ಡಾಸ್ ಎಂಬಾಕೆ ಗ್ರಹಾಂ ಅವರ ಸುತ್ತನ್ನು ಒಂದು ದಿನದೊಳಗೆ ಪೂರೈಸಿದ ಮೊದಲ ಮಹಿಳೆಯಾದರು. 2019ರಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆ, 268 ಮೈಲಿಗಳ ಸ್ಪೈನ್ ಓಟದಲ್ಲಿ ಗಂಡಸರನ್ನೆಲ್ಲ ಹಿಂದಿಕ್ಕಿ 83 ಗಂಟೆ 12 ನಿಮಿಷಗಳಲ್ಲಿ ಗುರಿ ಮುಟ್ಟಿದರು. ಆಕೆಯ ಮಗುವಿಗೆ ಆಗ ಹದಿನಾಲ್ಕು ತಿಂಗಳು. ದಾರಿಯ ತಂಗುದಾಣಗಳಲ್ಲಿ ನಿಂತು ಎದೆಹಾಲನ್ನು ಹಿಂಡಿಕೊಳ್ಳುತ್ತ ಆಕೆ ಮುಂದುವರಿದರು. ಇಂತಹ ಓಟದ ಹಿಂದೆ ಮಗುವನ್ನು ಎತ್ತಿಕೊಂಡು ಕಾದಿರುವ ಕೈಗಳೂ ಇರುವುವು. ಆದುದರಿಂದ ಪಂದ್ಯಕ್ಕೆ ಹೆಸರು ಕೊಡುವ ಮೊದಲು ಮನೆಯಲ್ಲಿ ಕುಳಿತು ಮಾತನಾಡಿ, ಹೊತ್ತನ್ನು ಹಂಚಿಕೊಳ್ಳುವುದೇ ಅಭ್ಯಾಸದ ಮೊದಲ ಪಾಠವೆಂದು ನಮ್ಮ ಅಭಿಪ್ರಾಯ.

ಬೆಟ್ಟವನ್ನು ಏರಿ, ಇಳಿದು, ನಗುಮುಖದಿಂದ ಮನೆಯ ಬಾಗಿಲಿಗೆ ಬಂದವನೇ ಓಟವನ್ನು ಪೂರ್ತಿ ಮಾಡಿದವನು. ಗೆಲುವು ಸೋಲುಗಳ ಲೆಕ್ಕ ಅದರ ಅನಂತರದ್ದು.