ಕೆರೆ ದಡಕ್ಕೊಂದು ಉದ್ಯಾನ: ಊರವರನ್ನು ಕೇಳಿ ನಕ್ಷೆ ಬರೆಯಬೇಕೇ?

ಬೈರಮಂಗಲದ ಕೆರೆಯನ್ನು ಕಂಡವರಿಗಿಂತ ಅದರ ನೊರೆಯ ಫೋಟೊ ಕಂಡವರೇ ಹೆಚ್ಚು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹೇಳುವ ವೃಷಭಾವತಿ, ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಕೆಂಗೇರಿ ದಾಟಿ, ಬಿಡದಿಗೆ ಹತ್ತಿರದ ಈ ಕೆರೆಗೆ ಬಂದು ಬೀಳುತ್ತದೆ. ಮುಂದೆ ಅರ್ಕಾವತಿಯ ದಾರಿ. 1940ರ ದಶಕದಲ್ಲಿ ಗದ್ದೆಗೆ ನೀರು ಬೇಕೆಂದು ಕಟ್ಟಿದ ಕೆರೆ ಇದು.

ಈಗ ಈ ಸೀಮೆಯ ಮಾತೆಲ್ಲ ಟೌನ್‌ಶಿಪ್ಪಿನದು. ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಒಂಬತ್ತು ಹಳ್ಳಿಗಳಲ್ಲಿ ಏಳು ಸಾವಿರ ಎಕರೆಗೂ ಹೆಚ್ಚು ಜಮೀನಿನ ಮೇಲೆ 2025ರಲ್ಲಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಿತ್ತು. ಅದೇ ವರ್ಷ ರೈತರು ಧರಣಿ ಕೂತರು. ಕೆರೆಯಿರುವ ಕಡೆ ಹೊಸ ಊರು ಎದ್ದರೆ ದಡಕ್ಕೊಂದು ಉದ್ಯಾನ ಬರದೇ ಇರುವುದಿಲ್ಲ. ಊರು ಏಳದಿದ್ದರೂ ಯಾವುದಾದರೂ ಅನುದಾನದಲ್ಲಿ ಬರುತ್ತದೆ. ಹಾಗೆ ಬಂದ ದಿನ ನಕ್ಷೆಗೆ ಮೊದಲು ಊರವರನ್ನು ಕೇಳಬೇಕೇ, ಬೇಡವೇ? ಕೇಳಬೇಕೆಂಬುದು ಎಲ್ಲರ ಬಾಯಲ್ಲೂ ಸಲೀಸಾಗಿ ಬರುವ ಉತ್ತರ. ಬೇಡವೆನ್ನುವವರ ವಾದವನ್ನು ಯಾರೂ ಸರಿಯಾಗಿ ಮಂಡಿಸುವುದಿಲ್ಲ. ಹಾಗಾಗಿ ಎರಡೂ ಕಡೆಯವರ ಮಾತನ್ನು ಅವರವರ ದನಿಯಲ್ಲೇ ಕೆಳಗಿಟ್ಟು, ಬೇಡವೆನ್ನುವವರಿಗೆ ಸ್ವಲ್ಪ ಹೆಚ್ಚು ಜಾಗ ಬಿಟ್ಟಿದ್ದೇನೆ.

ಪರ

ಕೇಳದೆ ಮಾಡಿದ ಉದ್ಯಾನ ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಾಗಿಲ್ಲ. ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಒಂದೇ ಅಚ್ಚು: ಇಂಟರ್‌ಲಾಕ್ ಹಾಸಿದ ವಾಕಿಂಗ್ ಪಾತ್, ಸುತ್ತ ಕಬ್ಬಿಣದ ಗ್ರಿಲ್ಲು, ನೀರು ಕಾಣದ ಕಾರಂಜಿ, ಪೆಡಲು ಕಿತ್ತುಹೋದ ಓಪನ್ ಜಿಮ್ಮು, ಒಂದು ಹೈಮಾಸ್ಟ್ ದೀಪ. ಬಿಲ್ಲು ಪಾಸಾಗಿರುತ್ತದೆ, ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳೂ ಇರುತ್ತವೆ. ಗೇಟಿಗೆ ಬೀಗ.

ಇಂಥ ಅಚ್ಚನ್ನೇ ಬೈರಮಂಗಲದ ಏರಿಯ ಪಕ್ಕಕ್ಕೆ ತಂದು ಒತ್ತಿದರೆ ಏನಾಗುತ್ತದೆ? ಕೊಳಚೆ ನೀರು ಬಂದ ಮೇಲೆ ಈ ಅಚ್ಚುಕಟ್ಟಿನಲ್ಲಿ ಭತ್ತ ಹಿಂದೆ ಸರಿಯಿತು. ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ ಮುಂದೆ ಬಂದವು. ಸೀಮೆಹಸು ಕಟ್ಟಿದ ಮನೆಗೆ ಹುಲ್ಲೇ ದಿನದ ಸಂಬಳ. ಆ ಹುಲ್ಲು ತರುವ ದಾರಿ ಉದ್ಯಾನದೊಳಗೆ ಸಿಕ್ಕಿಬಿದ್ದಿತೆನ್ನಿ. ಉದ್ಯಾನದೊಳಗೆ ಬೈಕು ನುಗ್ಗದಿರಲೆಂದು ಗೇಟಿನ ಬಾಯಲ್ಲಿ ಅಡ್ಡಡ್ಡ ಕಂಬಿ ನಿಲ್ಲಿಸುವುದು ಎಲ್ಲ ಕಡೆಯ ರೂಢಿ. ತಲೆಯ ಮೇಲೆ ಹೊರೆ ಹೊತ್ತ ಹೆಂಗಸು ಆ ಸಂದಿಯಲ್ಲಿ ನುಸುಳಲಾರಳು. ಹೊರೆ ಇಳಿಸಬೇಕು, ಬಿಚ್ಚಿ ಎರಡು ಮಾಡಬೇಕು, ಆಚೆ ದಾಟಿಸಿ ಮತ್ತೆ ಕಟ್ಟಬೇಕು, ತಲೆಗೆ ಎತ್ತಿಕೊಡುವವರಿಗೆ ಕಾಯಬೇಕು. ಡೇರಿಗೆ ಹಾಲು ಹಾಕುವ ಹೊತ್ತು ಮೀರಿತು. ಕಂಬಿ ನಿಲ್ಲಿಸಿದ ಎಂಜಿನಿಯರಿಗೆ ಇದು ಹೊಳೆಯಲಿಲ್ಲವೆಂದರೆ ಅವರ ತಪ್ಪಲ್ಲ. ಅವರು ಹುಲ್ಲಿನ ಹೊರೆ ಹೊತ್ತವರಲ್ಲ. ಹೊತ್ತವರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಕೇಳಿ ಮಾಡಿದ್ದು ಸರಿಬಂದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಒಂದು ಕಾಲಕ್ಕೆ ಒಣಗಿ ಕಸ ಸುರಿಯುವ ಜಾಗವಾಗಿತ್ತು. 2009ರ ಸುಮಾರಿಗೆ ಬಿಬಿಎಂಪಿ ಅದರ ಪುನಶ್ಚೇತನಕ್ಕೆ ಕೈಹಾಕಿದಾಗ ಸುತ್ತಲ ನಿವಾಸಿಗಳು, ಹಳೆಯ ಊರಿನವರು, ಹರಿಣಿ ನಾಗೇಂದ್ರ ಅವರಂಥ ಪರಿಸರ ವಿಜ್ಞಾನಿಗಳು ನಕ್ಷೆಯ ಹಂತದಲ್ಲೇ ಜೊತೆಗೆ ಕೂತರು. ಅಲ್ಲಿ ದನಕ್ಕೆ ಹುಲ್ಲು ಕೊಯ್ಯುವವರಿಗೆ ಅವಕಾಶ ಉಳಿಯಿತು. ಗಣೇಶನನ್ನು ಬಿಡಲು ಬೇರೆ ಕಲ್ಯಾಣಿ ಬಂತು. ಹಕ್ಕಿಗಳೂ ಬಂದವು. ಕೆರೆಯ ದೇಖರೇಖಿಗೆಂದು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಹುಟ್ಟಿಕೊಂಡಿತು. ತಾವೂ ಸೇರಿ ಬರೆದ ನಕ್ಷೆಯನ್ನು ಕಾಯುವ ಜನ ಇರುತ್ತಾರೆ. ಕಂಟ್ರಾಕ್ಟರು ಬಿಟ್ಟುಹೋದ ನಕ್ಷೆಗೆ ವಾಚ್‌ಮನ್ ಬೇಕು, ಅವನಿಗೆ ಸಂಬಳವೂ ಬೇಕು.

ಹಳ್ಳಿಯಲ್ಲಂತೂ ಕೇಳುವ ವೇದಿಕೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾನೂನಿನಲ್ಲೇ ಗ್ರಾಮಸಭೆ, ವಾರ್ಡ್ ಸಭೆ ಇವೆ. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಯೂ ಇದೆ. ಅದರಲ್ಲಿ ಮಕ್ಕಳು ಎದ್ದು ನಿಂತು ಪಿಡಿಒ ಮುಖ ನೋಡಿ ಬಸ್ಸು, ಶೌಚಾಲಯ, ಆಟದ ಮೈದಾನ ಕೇಳುವುದನ್ನು ಕಂಡವರು ಮಕ್ಕಳಿಗೇನು ಗೊತ್ತು ಎಂದು ಮತ್ತೆ ಹೇಳಲಾರರು. ಈ ದಾರಿಯನ್ನು ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳ ದುಡಿಯುವ ಮಕ್ಕಳು 1990ರ ದಶಕದಲ್ಲೇ ತಮ್ಮ ಮಕ್ಕಳ ಪಂಚಾಯಿತಿಯಿಂದ ತೋರಿಸಿಕೊಟ್ಟಿದ್ದರು. ಉದ್ಯಾನ ಬೇಕಾಗಿರುವುದು ಹೆಚ್ಚಾಗಿ ಮಕ್ಕಳಿಗೆ, ಮುದುಕರಿಗೆ. ನಕ್ಷೆ ಬರೆಯುವವರು ಇಬ್ಬರೂ ಅಲ್ಲದವರು.

ಕೇಳುವುದರಿಂದ ಕೆಲಸ ತಡವಾಗುತ್ತದೆ ಎಂಬ ಗೊಣಗಾಟ ಯಾವಾಗಲೂ ಇದೆ. ತಡವೋ ಬೇಗವೋ, ಲೆಕ್ಕ ನೋಡೋಣ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆಂದು ಸರ್ಕಾರ ಮೊದಲು ತೀರ್ಮಾನಿಸಿ ಆಮೇಲೆ ಜನರತ್ತ ತಿರುಗಿತು. 2016ರ ಅಕ್ಟೋಬರಿನಲ್ಲಿ ಜನ ಮಾನವ ಸರಪಳಿ ಕಟ್ಟಿ ಬೀದಿಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಯೋಜನೆಯನ್ನೇ ಕೈಬಿಡಬೇಕಾಯಿತು. ಮೊದಲು ಕೇಳಿದ್ದರೆ ಉಳಿಯುತ್ತಿದ್ದ ಕಾಲ ಎಷ್ಟು?

ವಿರೋಧ

ಊರವರಿಗೆ ತಿಳಿವಳಿಕೆ ಸಾಲದು ಎಂದು ನಾನು ಬೇಡವೆನ್ನುತ್ತಿಲ್ಲ. ಕೇಳುವ ಶಾಸ್ತ್ರ ನಮ್ಮಲ್ಲಿ ಯಾವ ರೂಪ ತಾಳಿದೆ ಎಂದು ನೋಡಿ ಬೇಡವೆನ್ನುತ್ತಿದ್ದೇನೆ.

ಕೇಳಿದರೆ ಉತ್ತರ ಕೊಡುವವರು ಯಾರು? 2025ರ ಅಕ್ಟೋಬರಿನಲ್ಲಿ ಉಪ ಮುಖ್ಯಮಂತ್ರಿಗಳು ಬೆಂಗಳೂರು ನಡಿಗೆ ಎಂಬ ಕಾರ್ಯಕ್ರಮವನ್ನು ಲಾಲ್‌ಬಾಗಿನಿಂದ ಶುರುಮಾಡಿದರು. ಉದ್ಯಾನಗಳಲ್ಲಿ ನಡೆಯುತ್ತ ಜನರ ಅಹವಾಲು ಕೇಳುವುದು ಉದ್ದೇಶ. ಒಳ್ಳೆಯದೇ. ಆದರೆ ಬೆಳಗಿನ ಹೊತ್ತು ಲಾಲ್‌ಬಾಗಿನಲ್ಲಿ ಸಿಗುವವರು ವಾಕಿಂಗ್ ಬರುವವರು. ಮಧ್ಯಾಹ್ನ ಮರದ ಬುಡದಲ್ಲಿ ಡಬ್ಬಿ ಬಿಚ್ಚುವ ಗಾರೆ ಕೆಲಸದವರು ಆ ಹೊತ್ತಿಗೆ ಇನ್ನೂ ಬಸ್ಸಿನಲ್ಲಿರುತ್ತಾರೆ. ಬೆಂಗಳೂರಿನ ಬಡಾವಣೆ ಉದ್ಯಾನಗಳು ವರ್ಷಗಟ್ಟಲೆ ಹಗಲಿನ ನಡುಹೊತ್ತು ಬಾಗಿಲು ಹಾಕಿಕೊಂಡೇ ಇದ್ದವು. 2024ರಲ್ಲಿ ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರಬೇಕೆಂಬ ಆದೇಶ ಬಂದ ಮೇಲೆ ಬದಲಾಯಿತು. ಮುಚ್ಚಿದ ಬಾಗಿಲಿನ ತೊಂದರೆ ನಿವಾಸಿಗಳ ಸಂಘಗಳಿಗೆ ಅಷ್ಟಾಗಿ ತಟ್ಟುವಂಥದಲ್ಲ. ಬಿಸಿಲಲ್ಲಿ ನಿಲ್ಲುವ ಡೆಲಿವರಿ ಹುಡುಗರಿಗೂ ಆಟೋ ಚಾಲಕರಿಗೂ ಸಂಘದಲ್ಲಿ ಸದಸ್ಯತ್ವವಿಲ್ಲವಲ್ಲ.

ಗ್ರಾಮಸಭೆ ಬೇರೆಯೇ ಎನ್ನುತ್ತೀರಾ? ಕಾಗದದಲ್ಲಿ ಬೇರೆ. ಮುಂದಿನ ಕುರ್ಚಿಯಲ್ಲಿ ಕೂರುವವರು ಯಾರು, ಮೈಕು ಯಾರ ಕೈಗೆ ಹೋಗುತ್ತದೆ, ಹಿಂದೆ ನಿಂತವರು ಯಾವಾಗ ಜಾಗ ಖಾಲಿ ಮಾಡುತ್ತಾರೆ ಎಂಬುದು ಸಭೆಗೆ ಹೋದವರಿಗೆಲ್ಲ ಗೊತ್ತು. ಹುಲ್ಲಿನ ಹೊರೆಯ ಹೆಂಗಸಿನ ಕಥೆ ಪರ ವಾದಿಗಳು ಚೆನ್ನಾಗಿ ಹೇಳಿದರು. ಆಕೆ ಸಭೆಗೆ ಬರುವುದು ಯಾವಾಗ? ಬಂದರೂ ಗಂಡನೋ ಮೈದುನನೋ ಮಾತಾಡಿದ ಮೇಲೆ ಆಕೆ ಏನು ಮಾತಾಡುತ್ತಾಳೆ? ಬಿಡದಿ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡಿಕೊಂಡು ಬಾಡಿಗೆ ರೂಮಿನಲ್ಲಿರುವ ಹುಡುಗರು ಈ ಊರಿನ ಮತದಾರರೇ ಅಲ್ಲ. ಸಂಜೆ ಕೂರಲು ಒಂದು ಜಾಗವಿಲ್ಲದೆ ಅಂಗಡಿ ಕಟ್ಟೆಗಳ ಮೇಲೆ ಕಾಲ ಕಳೆಯುವವರು ಅವರೇ.

ಕೇಳುವುದಕ್ಕಿಂತ ನೋಡುವುದು ಮೇಲು. ಅಮೆರಿಕದ ವಿಲಿಯಂ ವೈಟ್ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ, ಬಿಸಿಲು ಸರಿದಂತೆ ಎತ್ತ ಸರಿಯುತ್ತಾರೆ ಎಂದು ವರ್ಷಗಟ್ಟಲೆ ನೋಡಿ 1980ರಲ್ಲಿ ಪುಸ್ತಕ ಮಾಡಿದರು. ಅವರಿಗೆ ಸಿಕ್ಕ ದೊಡ್ಡ ಸತ್ಯ: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ನಗು ಬರುತ್ತದೆ, ಆದರೆ ಅಷ್ಟನ್ನೂ ಮಾಡದ ಉದ್ಯಾನಗಳು ಎಷ್ಟಿಲ್ಲ! ಬೈರಮಂಗಲದ ಏರಿಯ ಮೇಲೆ ಒಬ್ಬ ಒಳ್ಳೆಯ ವಿನ್ಯಾಸಕಾರ ಒಂದು ವಾರ ಸುಮ್ಮನೆ ಕೂತರೆ ಸಾಕು. ಹೊರೆ ಯಾವ ಕಾಲುದಾರಿಯಲ್ಲಿ ಬರುತ್ತದೆ, ದನ ಎಲ್ಲಿ ಇಳಿಯುತ್ತದೆ, ಗಾಳಿ ಯಾವ ಕಡೆಯಿಂದ ನಾತ ತರುತ್ತದೆ, ಎಲ್ಲವೂ ಕಣ್ಣಿಗೇ ಬೀಳುತ್ತವೆ. ಮಾತಿನಲ್ಲಿ ಕೇಳಿದರೆ ಊರವರೂ ಟೀವಿಯಲ್ಲಿ ಕಂಡ ಕಾರಂಜಿಯನ್ನೇ ಕೇಳುತ್ತಾರೆ. ತಪ್ಪೇನಿಲ್ಲ, ಉದ್ಯಾನವೆಂದರೆ ಹಾಗಿರಬೇಕೆಂದು ಅವರಿಗೆ ತೋರಿಸಿರುವವರು ನಾವೇ.

ಇನ್ನು ಕೆಲವು ವಿಷಯಗಳನ್ನು ಕೈ ಎತ್ತಿಸಿ ತೀರ್ಮಾನಿಸುವಂತಿಲ್ಲ. ವೃಷಭಾವತಿಯ ನೀರಿನಲ್ಲಿ, ಅದು ಹರಿದ ಮಣ್ಣಿನಲ್ಲಿ ಭಾರಲೋಹಗಳಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ದಡದ ಮಣ್ಣಲ್ಲಿ ಮೂರು ವರ್ಷದ ಮಗು ಆಡಬಹುದೇ ಎಂಬುದಕ್ಕೆ ಉತ್ತರ ಕೊಡಬೇಕಾದ್ದು ಪ್ರಯೋಗಾಲಯ. ಮಕ್ಕಳ ಗ್ರಾಮಸಭೆಯಲ್ಲಿ ಜಾರುಬಂಡೆ ಕೇಳಿದರೆಂದು ಅಲ್ಲೇ ಜಾರುಬಂಡೆ ನೆಟ್ಟು, ನಾಳೆ ಮಕ್ಕಳ ಮೈಗೆ ತುರಿ ಬಂದರೆ ಇಲಾಖೆಯ ಉತ್ತರ ಈಗಲೇ ಸಿದ್ಧವಿದೆ: ನೀವೇ ಕೇಳಿದ್ದಲ್ಲವೇ? ಜನರ ಅಭಿಪ್ರಾಯ ಎಂಬುದು ಎಂಜಿನಿಯರು ಹೊಣೆಯಿಂದ ಜಾರಿಕೊಳ್ಳುವ ದಾರಿಯಾಗಬಾರದು.

ನನ್ನ ದೊಡ್ಡ ತಕರಾರು ಇನ್ನೊಂದು. ಈ ಸೀಮೆಯವರು ನಕ್ಷೆಯ ನೆರಳಿನಲ್ಲಿ ಬದುಕಲು ಶುರುಮಾಡಿ ಸುಮಾರು ಇಪ್ಪತ್ತು ವರ್ಷವಾಯಿತು. 2006ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಬೆಂಗಳೂರಿನ ಸುತ್ತ ಐದು ಟೌನ್‌ಶಿಪ್‌ಗಳ ಮಾತೆತ್ತಿದಾಗ ಬಿಡದಿ ಮೊದಲ ಸಾಲಿನಲ್ಲಿತ್ತು. ಅದನ್ನು ಕಟ್ಟಲೆಂದು ಡಿಎಲ್‌ಎಫ್ ಕಂಪನಿ ಬಂತು, ಹೋಯಿತು. ಈಗ ಟೌನ್‌ಶಿಪ್ಪಿನ ಮಾತು ಮತ್ತೆ ಬಂದಿದೆ. ಜಮೀನು ಉಳಿಯುತ್ತದೋ ಇಲ್ಲವೋ ಎಂದು ರಾತ್ರಿ ನಿದ್ದೆಗೆಟ್ಟಿರುವ ಮನೆಗೆ ಹೋಗಿ, ಅಮ್ಮಾ ಬೆಂಚು ಕಲ್ಲಿನದಿರಲೋ ಸಿಮೆಂಟಿನದೋ ಎಂದು ಕೇಳುವುದು ಯಾವ ಮರ್ಯಾದೆ? ದೊಡ್ಡ ಪ್ರಶ್ನೆಯನ್ನು ವಿಧಾನಸೌಧದಲ್ಲಿ ಇಟ್ಟುಕೊಂಡು ಚಿಕ್ಕ ಪ್ರಶ್ನೆಯನ್ನು ಊರಿಗೆ ಕಳಿಸುವುದಕ್ಕೆ ಜನರ ಸಹಭಾಗಿತ್ವ ಎಂಬ ಹೆಸರು ಕೊಡಬೇಡಿ. ಷೆರ್ರಿ ಆರ್ನ್‌ಸ್ಟೀನ್ ಎಂಬಾಕೆ 1969ರಲ್ಲೇ ಈ ನಾಟಕವನ್ನು ಎಂಟು ಮೆಟ್ಟಿಲ ಏಣಿಯಾಗಿ ಬರೆದು ತೋರಿಸಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನ ಸಭೆಯಲ್ಲಿ ಇರುತ್ತಾರೆ, ತೀರ್ಮಾನದಲ್ಲಿ ಇರುವುದಿಲ್ಲ.

ಸಭೆಗೆ ಬಂದವರಿಂದ ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿಸುವುದು ನಿಯಮ. ಧರಣಿಯ ಟೆಂಟು ಕಂಡ ಊರಿನಲ್ಲಿ ಯಾವ ರೈತ ಆ ಪುಸ್ತಕ ಮುಟ್ಟುತ್ತಾನೆ? ಉದ್ಯಾನಕ್ಕೆ ಹಾಕಿದ ಸಹಿ ನಾಳೆ ಭೂಮಿಗೆ ಹಾಕಿದ ಸಹಿಯಾದರೆ ಎಂಬ ಅಂಜಿಕೆಯನ್ನು ಸುಳ್ಳೆಂದು ತೋರಿಸುವ ಕೆಲಸ ಅಧಿಕಾರಿಗಳದು, ರೈತನದಲ್ಲ. ಮೊದಲು ಕೊಳಚೆ ನಿಲ್ಲಲಿ. ಅದಕ್ಕೆ ಬೆಂಗಳೂರಿನ ಸಂಸ್ಕರಣಾ ಘಟಕಗಳು ಸರಿಯಾಗಿ ಓಡಬೇಕು. ಅದಕ್ಕೆ ಬೈರಮಂಗಲದವರ ಅಭಿಪ್ರಾಯ ಬೇಕಾಗಿಲ್ಲ. ನೀರು ನೀರಿನಂತಾದ ದಿನ ದಡದಲ್ಲಿ ಏನಿರಬೇಕೆಂದು ಕೇಳುವ ಅಗತ್ಯವೂ ಅಷ್ಟಾಗಿ ಉಳಿಯದು. ಕೆರೆಯೇ ಸಾಕು.

ಪರದವರ ಮರುಮಾತು

ಕೊಳಚೆ ನಿಲ್ಲುವವರೆಗೆ ಏನನ್ನೂ ಕೇಳಬಾರದೆಂದರೆ ಇನ್ನೊಂದು ತಲೆಮಾರು ಕಾಯಬೇಕು. ಅಷ್ಟರಲ್ಲಿ ಕೊಳಚೆಯ ವಿಷಯದಲ್ಲೂ ಕೇಳದೇ ಮಾಡುವ ತೀರ್ಮಾನಗಳು ಬರುತ್ತಲೇ ಇರುತ್ತವೆ. ಹೊಲಸು ನೀರನ್ನು ಕೆರೆಗೆ ಬಿಡದೆ ಪಕ್ಕದ ಕಾಲುವೆಯಲ್ಲಿ ಸಾಗಿಸುವ ಯೋಜನೆ ಬಂದಾಗಲೂ ಹಾಗೇ ಆಯಿತು. ಕೆರೆಗೆ ಆ ನೀರೂ ಇಲ್ಲದಿದ್ದರೆ ನಮ್ಮ ಹುಲ್ಲಿಗೇನು ಎಂಬುದು ಅಚ್ಚುಕಟ್ಟಿನವರ ಮೊದಲ ಪ್ರಶ್ನೆ. ಹೊಲಸು ನೀರೇ ಇಲ್ಲಿ ಅನ್ನವೂ ಹೌದು. ಇದನ್ನು ಏರಿಯ ಮೇಲೆ ವಾರ ಕೂತು ನೋಡಿದ ವಿನ್ಯಾಸಕಾರ ಕಾಣಲಾರ.

ಸಹಿಯ ವಿಷಯ ಮಾತ್ರ ಒಪ್ಪಿದೆ. ಹಾಗಾದರೆ ಸಹಿ ಬೇಡ, ಶಾಮಿಯಾನಾ ಬೇಡ, ಮೈಕೂ ಬೇಡ. ಹಾಲು ಅಳೆಯುವ ಹೊತ್ತಿಗೆ ಡೇರಿಯ ಮುಂದೆ ಸಾಲು ನಿಂತವರ ಹತ್ತಿರ ನಕ್ಷೆಯ ಖಾಲಿ ಹಾಳೆ ಹಿಡಿದು ಹೋಗಿ. ಮೊದಲ ಪ್ರಶ್ನೆ ಉದ್ಯಾನ ಬೇಕೇ ಎಂಬುದೇ ಇರಲಿ. ಬೇಡ ಎಂದರೆ ಅದನ್ನೂ ನಡಾವಳಿಯಲ್ಲಿ ಬರೆದು, ಅನುದಾನವನ್ನು ಏರಿ ತೂಬಿನ ರಿಪೇರಿಗೆ ಹಾಕಲು ಅವಕಾಶವಿರಲಿ.