ಸೈಕಲ್ ಹಗುರಾಗಲಿ, ಜೇಬಲ್ಲ

ಆಫೀಸಿನಲ್ಲಿ ಹೊಸದಾಗಿ ಸೈಕಲ್ ಹುಚ್ಚು ಹತ್ತಿಸಿಕೊಂಡವರೆಲ್ಲ ಕೇಳೋ ಪ್ರಶ್ನೆ ಒಂದೇ: "50 ಸಾವಿರದೊಳಗೆ ಹಗುರವಾದ ರೋಡ್ ಬೈಕ್ ಕಟ್ಟೋಕಾಗುತ್ತಾ?"

ಆಗುತ್ತೆ ಕಣ್ರೀ. ನಾನು ಕಟ್ಟಿದ್ದಕ್ಕೆ ಬಿದ್ದಿದ್ದು 46 ಸಾವಿರ, ತೂಕ 9 ಕೆಜಿ. ಆದರೆ ಎಲ್ಲಿ ತೂಕ ಇಳಿಸಬೇಕು, ಎಲ್ಲಿ ಇಳಿಸಬಾರದು ಅಂತ ಗೊತ್ತಿರಬೇಕು. ಅಮೆರಿಕದ ಸೈಕಲ್ ತಯಾರಕ ಕೀತ್ ಬಾಂಟ್ರೇಗರ್ ಹೆಸರಿನಲ್ಲಿ ಒಂದು ಮಾತಿದೆ: ಗಟ್ಟಿ, ಹಗುರ, ಅಗ್ಗ, ಮೂರರಲ್ಲಿ ಎರಡೇ ಸಿಗೋದು.

ಮೊದಲು ಲೆಕ್ಕ ನೋಡೋಣ. ವೃತ್ತಿಪರರ ರೇಸಿನಲ್ಲೂ ಸೈಕಲ್ 6.8 ಕೆಜಿಗಿಂತ ಕಡಿಮೆ ತೂಗುವಂತಿಲ್ಲ. ನಾನು, ಸೈಕಲ್ ಎರಡೂ ಸೇರಿ ಸುಮಾರು 80 ಕೆಜಿ. ಒಂದು ಕೆಜಿ ಇಳಿಸಿದರೆ ನಂದಿ ಬೆಟ್ಟದ ಅರ್ಧ ಗಂಟೆಯ ಏರಿನಲ್ಲಿ ಉಳಿಯೋದು 20 ಸೆಕೆಂಡಿನಷ್ಟು. ಮುಕ್ಕಾಲು ಲೀಟರಿನ ಬಾಟಲಿ ತುಂಬಿಸಿದರೆ ಅದರ ನೀರೇ ಮುಕ್ಕಾಲು ಕೆಜಿ!

ಅದಕ್ಕೇ ಕಾರ್ಬನ್ ಫ್ರೇಮಿನ ಆಸೆ ಬಿಟ್ಟೆ. ಹಳೆಯ ಕಾರ್ಬನ್ ಫ್ರೇಮಿನೊಳಗೆ ಬಿರುಕಿದ್ದರೂ ಮೇಲಿಂದ ಕಾಣದೇ ಇರಬಹುದು. ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಫ್ರೇಮ್ ಒಂದೂವರೆ ಕೆಜಿಗೆ ಸಿಗುತ್ತೆ. ಕೊಳ್ಳುವ ಮುಂಚೆ ಚೆನ್ನಾಗಿ ಒರೆಸಿ, ಬೆಸುಗೆ ಹಾಕಿರೋ ಜಾಗಗಳನ್ನೆಲ್ಲ ಟಾರ್ಚ್ ಹಿಡಿದು ನೋಡಿ. ಗೇರಿಗೆ 9 ಸ್ಪೀಡ್ ಸಾಕು. ಚೈನು, ಕ್ಯಾಸೆಟ್ ಸವೆದಾಗ ಬದಲಿಸೋ ಖರ್ಚು ಕಡಿಮೆ.

ಕಡಿಮೆ ದುಡ್ಡಿಗೆ ತೂಕ ಇಳಿಯೋದು ಟೈರು, ಟ್ಯೂಬಿನಲ್ಲಿ. ಅಂಚಿನಲ್ಲಿ ತಂತಿಯಿರೋ ಟೈರು ತೆಗೆದು ಮಡಚುವಂಥದ್ದು ಹಾಕಿಸಿ. ಮಾಮೂಲಿ ರಬ್ಬರ್ ಟ್ಯೂಬು ಸುಮಾರು 100 ಗ್ರಾಂ, ಟಿಪಿಯು ಟ್ಯೂಬು 40ರ ಆಸುಪಾಸು. ಎರಡು ಚಕ್ರಕ್ಕೆ 120 ಗ್ರಾಂ ಉಳೀತು.

ಇನ್ನು, ಚೌಕಾಶಿ ಮಾಡಬಾರದ ಕಡೆ: ಫೋರ್ಕ್, ಹ್ಯಾಂಡಲ್, ಅದನ್ನು ಹಿಡಿದಿರೋ ಸ್ಟೆಮ್, ಬ್ರೇಕು. ಆನ್‌ಲೈನಿನಲ್ಲಿ ಹೆಸರಿಲ್ಲದ ಕಾರ್ಬನ್ ಹ್ಯಾಂಡಲ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡಬೇಡಿ. ಅಲ್ಯೂಮಿನಿಯಂ ಹ್ಯಾಂಡಲ್ 100 ಗ್ರಾಂ ಜಾಸ್ತಿ ತೂಗಿದರೂ ಪರವಾಗಿಲ್ಲ. ಒಂದು ಟಾರ್ಕ್ ರೆಂಚ್ ಕೊಂಡು, ಸ್ಟೆಮ್ ಮೇಲೆ ಬರೆದಷ್ಟೇ ಬಿಗಿ ಮಾಡಿ. ಕೈಯಂದಾಜು ಬೇಡ.

ಏರುವಾಗ 20 ಸೆಕೆಂಡು ತಡವಾದರೆ ಗೆಳೆಯರು ರೇಗಿಸಬಹುದು, ಅಷ್ಟೇ. ಇಳಿಜಾರಿನ ತಿರುವಿನಲ್ಲಿ 40 ಕಿಮೀ ವೇಗದಲ್ಲಿದ್ದಾಗ ಹ್ಯಾಂಡಲ್ ಕೈಕೊಟ್ಟರೆ ಮನೆಯವರಿಗೆ ಉತ್ತರ ಹೇಳೋರು ಯಾರು?