ಜಾಮೀನು ಸಿಕ್ಕರೆ ಗೆದ್ದಂತಲ್ಲ

2014ರ ಅಕ್ಟೋಬರ್ 7ರಂದು ಅಕ್ರಮ ಆಸ್ತಿ ಪ್ರಕರಣದಲ್ಲಿ ದೋಷಿಯಾಗಿದ್ದ ತಮಿಳುನಾಡಿನ ಮಾಜಿ ಮುಖ್ಯಮಂತ್ರಿ ಜಯಲಲಿತಾ ಅವರಿಗೆ ಕರ್ನಾಟಕ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತೆಂದು ಟಿವಿ ವಾಹಿನಿಗಳು ಸಾರಿದವು. ಬೆಂಬಲಿಗರು ಕುಣಿದಾಡಿದರು. ಕೋರ್ಟ್ ಹಾಲಿನೊಳಗೆ ಆಗಿದ್ದು ಬೇರೆಯೇ. ಷರತ್ತುಬದ್ಧ ಜಾಮೀನಿಗೆ ಆಕ್ಷೇಪವಿಲ್ಲ ಎಂದು ವಿಶೇಷ ಸರ್ಕಾರಿ ಅಭಿಯೋಜಕರು ಹೇಳಿದ್ದರು, ಅಷ್ಟೆ. ಆಕ್ಷೇಪವಿಲ್ಲ ಎನ್ನುವುದು ಒಬ್ಬ ವಕೀಲರ ನಿಲುವು. ಆದೇಶ ಕೊಡಬೇಕಾದವರು ನ್ಯಾಯಮೂರ್ತಿ. ಅವರು ಅರ್ಜಿಯನ್ನು ವಜಾ ಮಾಡಿದರು.

ನ್ಯಾಯಾಲಯದ ಪರಿಭಾಷೆ ಕಲಿಯಬಯಸುವವರಿಗೆ ಈ ಅಕ್ರಮ ಆಸ್ತಿ ಪ್ರಕರಣಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಚೆನ್ನೈನಿಂದ ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ ಜಯಲಲಿತಾ ಅವರನ್ನು ದೋಷಿ ಎಂದು ಘೋಷಿಸಿ 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಕ್ಷಣವೇ ಶಾಸಕ ಸ್ಥಾನ ಹೋಯಿತು, ಜೊತೆಗೆ ಮುಖ್ಯಮಂತ್ರಿ ಪದವಿಯೂ. ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ಅವರು ಮನೆಗೆ ಮರಳಿದರು, ಕುರ್ಚಿಗೆ ಮರಳಲಿಲ್ಲ. ಅಮಾನತಾಗಿದ್ದು ಶಿಕ್ಷೆ ಮಾತ್ರ, ದೋಷಿ ಎಂಬ ತೀರ್ಪು ಹಾಗೇ ಇತ್ತು. 2015ರ ಮೇ 11ರಂದು ಹೈಕೋರ್ಟ್ ಖುಲಾಸೆ ಮಾಡಿದ ಮೇಲಷ್ಟೇ ಪದವಿ ಮತ್ತೆ ಸಿಕ್ಕಿತು. ಅಲ್ಲಿಗೂ ಮುಗಿಯಲಿಲ್ಲ, ಕರ್ನಾಟಕ ಸರ್ಕಾರ ಮೇಲ್ಮನವಿ ಹಾಕಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ರದ್ದುಪಡಿಸಿತು. ಜಯಲಲಿತಾ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಅವರ ವಿರುದ್ಧದ ಮೇಲ್ಮನವಿ ಅಲ್ಲಿಗೇ ನಿಂತುಹೋಯಿತು. ಅವರ ಜೊತೆ ದೋಷಿಗಳಾಗಿದ್ದ ಉಳಿದ ಮೂವರು ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿಗೆ ಹೋದರು.

ಕೋರ್ಟಿನ ಬಹುತೇಕ ಪದಗಳು ಪ್ರಕರಣ ಯಾವ ಹಂತದಲ್ಲಿದೆ ಎಂದು ಹೇಳುತ್ತವೆಯೇ ಹೊರತು ಯಾರು ಸರಿ, ಯಾರು ತಪ್ಪು ಎಂದಲ್ಲ. ಎಫ್‌ಐಆರ್ ಬರೀ ದೂರಿನ ದಾಖಲೆ, ಆರೋಪಪಟ್ಟಿ ಪೊಲೀಸರ ವಾದ. ನಿಗದಿತ 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಆ ಜಾಮೀನಿಗೂ ಆತ ನಿರಪರಾಧಿಯೇ ಎಂಬ ಪ್ರಶ್ನೆಗೂ ಸಂಬಂಧವೇ ಇಲ್ಲ. ಮರುದಿನದ ಸುದ್ದಿಯಲ್ಲಿ ಮಾತ್ರ ಅದು ‘ಬಿಗ್ ರಿಲೀಫ್’!

ಇದಕ್ಕಿಂತ ಹೆಚ್ಚು ಅನಾಹುತ ಮಾಡುವುದು ‘ಕ್ಲೀನ್ ಚಿಟ್’. ಕಾನೂನಿನಲ್ಲಿ ಅಂಥ ಪದವೇ ಇಲ್ಲ. ನಮ್ಮಲ್ಲಿ ಪೊಲೀಸರು ಬಿ ರಿಪೋರ್ಟ್ ಹಾಕಿದ ಕೂಡಲೇ ಆ ಶೀರ್ಷಿಕೆ ಬರುತ್ತದೆ. ಬಿ ರಿಪೋರ್ಟ್ ಎಂದರೆ ಮೊಕದ್ದಮೆ ನಡೆಸುವಷ್ಟು ಸಾಕ್ಷ್ಯ ಸಿಗಲಿಲ್ಲ ಅಥವಾ ದೂರಿನಲ್ಲಿ ಹುರುಳಿಲ್ಲ ಎಂಬ ತನಿಖಾಧಿಕಾರಿಯ ಅಭಿಪ್ರಾಯ. ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಬಹುದು, ತಳ್ಳಿಹಾಕಬಹುದು, ಇನ್ನಷ್ಟು ತನಿಖೆ ಮಾಡಿ ಎನ್ನಬಹುದು. ಒಪ್ಪುವ ಮೊದಲು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ತಕರಾರು ಅರ್ಜಿ ಹಾಕುವ ಅವಕಾಶ ಇರುವುದು ಆಗಲೇ. ಪೇಪರು ಓದಿ ‘ಕೇಸು ಮುಗಿಯಿತು’ ಎಂದು ಕೈಚೆಲ್ಲಿ ಕೂತ ದೂರುದಾರರು ಆ ಅವಕಾಶ ಕಳೆದುಕೊಳ್ಳುತ್ತಾರೆ. ಆರೋಪಿ ನಿರ್ದೋಷಿ ಎಂಬ ತೀರ್ಪೇ ಬಂದಂತೆ ಬರೆಯುವ ಪತ್ರಿಕೆಗಳಿಗೆ ಇದರಲ್ಲಿ ಪಾಲಿಲ್ಲವೇ?

ಕಲಮುಗಳ ಸಂಖ್ಯೆಯೂ ಈಗ ಗೊಂದಲ ಹೆಚ್ಚಿಸಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಎಫ್‌ಐಆರ್ ರದ್ದುಪಡಿಸುವ ಹೈಕೋರ್ಟಿನ ಅಧಿಕಾರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 482 ನಿರೀಕ್ಷಣಾ ಜಾಮೀನು; ರದ್ದತಿಯ ಅಧಿಕಾರ 528ಕ್ಕೆ ಹೋಗಿದೆ. ಹಿರಿಯ ವಕೀಲರೇ ಬಾಯಿತಪ್ಪಿ ಹಳೆಯ ಸಂಖ್ಯೆ ಹೇಳುವಾಗ ಕಕ್ಷಿದಾರರ ಪಾಡೇನು?

ಆದ್ದರಿಂದ ನಿಮ್ಮದೋ ನಿಮ್ಮವರದೋ ಪ್ರಕರಣದಲ್ಲಿ ಆದೇಶ ಹೊರಬಿದ್ದ ದಿನ ‘ಗೆದ್ದೆವಾ, ಸೋತೆವಾ?’ ಎಂದು ಕೇಳಬೇಡಿ. ಆದೇಶದ ಪ್ರತಿ ಪಡೆದು, ಅದರ ಕೊನೆಯ ಪ್ಯಾರಾವನ್ನು ವಕೀಲರಿಂದ ಕನ್ನಡದಲ್ಲಿ ಓದಿಸಿ, ಮುಂದಿನ ಹೆಜ್ಜೆ ಏನು, ಅದಕ್ಕೆ ಎಷ್ಟು ದಿನ ಉಳಿದಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.